ಅಂಬರೀಷ ನಿದ್ದೆಯಲ್ಲಿ ಕರೆದ ಊಟ

ಮೈಕಿನ ಮುಂದೆ ನಿಂತು ಮಾತಾಡಬೇಕು ಎಂಬುದು ರಾಜೇಶ್ವರದ ಅಂಬರೀಷನಿಗೆ ಚಿಕ್ಕಂದಿನಿಂದ ಇದ್ದ ಆಸೆ. ಮೈಕಿನ ಮುಂದೆ ನಿಂತರೆ ಬಾಯಿ ಕಟ್ಟುವುದು ಚಿಕ್ಕಂದಿನಿಂದ ಇದ್ದ ರೋಗ. ಇವೆರಡೂ ಒಂದೇ ಮೈಯಲ್ಲಿ ಇಷ್ಟು ವರ್ಷ ಜಗಳವಿಲ್ಲದೆ ಬಾಳಿದ್ದಕ್ಕೆ ಕಾರಣ, ಯಾರೂ ಅವನ ಕೈಗೆ ಮೈಕು ಕೊಟ್ಟಿರಲಿಲ್ಲ. ಬಸವಕಲ್ಯಾಣದ ಕಾಲೇಜಿನಲ್ಲಿ ಪತ್ರಿಕೋದ್ಯಮ ತೆಗೆದುಕೊಂಡು, ಕೊನೆಯ ಬೆಂಚಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು, ಕೋಟೆಯ ಮೇಲೆ ಸುತ್ತುವ ಹದ್ದುಗಳನ್ನು ನೋಡುತ್ತ ಅವನು ಕಲಿತದ್ದು ಒಂದೇ ವಿದ್ಯೆ, ಕಣ್ಣು ತೆರೆದುಕೊಂಡೇ ಕನಸು ಕಾಣುವುದು. ಆ ಕನಸುಗಳಲ್ಲಿ ಅವನು ಮಾತಾಡಿದರೆ ಸಾವಿರಾರು ಮಂದಿ ಕಿವಿಗೊಟ್ಟು ಕೇಳುತ್ತಿದ್ದರು.

ಹೀಗಿರುವಾಗ ಕಾಲೇಜಿನವರು ಕೊನೆಯ ಸೆಮಿಸ್ಟರಿಗೆ ಒಂದು ತೊಡಕು ತಂದಿಟ್ಟರು. ಬೇಸಿಗೆಯಲ್ಲಿ ಎಲ್ಲಾದರೂ ಇಂಟರ್ನ್‌ಶಿಪ್ ಮಾಡಿ, ಅಲ್ಲಿಯ ಮುಖ್ಯಸ್ಥರ ಸಹಿ ಇರುವ ಸರ್ಟಿಫಿಕೇಟು ತರಬೇಕು. ತರದವರು ಪಾಸಿಲ್ಲ. ಉಳಿದವರೆಲ್ಲ ಕಲಬುರಗಿಯ ಪೇಪರ್ ಆಫೀಸುಗಳನ್ನು ಹಿಡಿದರು. ಅಂಬರೀಷ ಯಾವುದನ್ನು ಹಿಡಿಯಲಿ ಎಂದು ಯೋಚಿಸುತ್ತಿರುವಾಗಲೇ ಮೇ ತಿಂಗಳು ಬಂತು, ಉಳಿದದ್ದು ಒಂದೇ ಜಾಗ. ಹುಮನಾಬಾದಿನ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದವರು ಮೂರು ದಿನದ ಮೇಳ ಇಟ್ಟಿದ್ದರು. ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಉಪ್ಪಿನಕಾಯಿ, ಕೌದಿ, ಬುಟ್ಟಿ, ಹೀಗೆ ಹಳ್ಳಿಯ ಹೆಂಗಸರು ಮಾಡಿದ್ದನ್ನೆಲ್ಲ ಮಾರುವ ಮೇಳ. ಅದರ ಪ್ರಚಾರಕ್ಕೆ ಒಬ್ಬ ಹುಡುಗ ಬೇಕಾಗಿದ್ದ. ಅಂಬರೀಷ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ. ಅದರ ಮೇಲೆ 'ಸಂವಹನ ವಿಭಾಗ' ಎಂದು ಬರೆದಿತ್ತು. ಆ ವಿಭಾಗದಲ್ಲಿ ಇದ್ದವನು ಅವನೊಬ್ಬನೇ.

ಅವನ ತಾಯಿ ಯಶೋದಾಬಾಯಿಗೆ ಆ ಚೀಟಿಯ ಫೋಟೋ ಸಾಕಾಯಿತು. ಮಗ ಹುಮನಾಬಾದಿನಲ್ಲಿ ಮೇಳದ ಸಾಹೇಬ ಆಗಿದ್ದಾನೆಂದು ರಾಜೇಶ್ವರದ ಓಣಿ ಓಣಿಗೂ ಹೇಳಿ ಬಂದಳು. "ಅಂವ ಮೈಕಿನಾಗ ಏನ್ ಹೇಳ್ತಾನೋ ಅದೇ ಆಗ್ತದಂತ" ಎಂದು ಕೊನೆಗೊಂದು ಮಾತು ತಾನೇ ಸೇರಿಸಿದಳು. ಈ ಮಾತು ಎಷ್ಟು ನಿಜವಾಗಲಿದೆ ಎಂದು ಪಾಪ, ಆ ತಾಯಿಗೂ ಗೊತ್ತಿರಲಿಲ್ಲ.

ಅಂಬರೀಷ ಉಳಿದುಕೊಂಡದ್ದು ಯಶೋದಾಬಾಯಿಯ ಅಣ್ಣ ಶ್ರೀಮಂತ ಮಾಮಾನ ಮನೆಯಲ್ಲಿ. ಶ್ರೀಮಂತ ಎಂಬುದು ಅವನ ಹೆಸರು. ಮಾಮಾನದು ಮಾಣಿಕನಗರದ ರಸ್ತೆಯಲ್ಲಿ ದೊಡ್ಡ ಭಾಂಡೆ ಅಂಗಡಿ. ಗೋಡೆ ತುಂಬ ಸ್ಟೀಲಿನ ತಾಟು, ನೆಲದ ತುಂಬ ಕೊಪ್ಪರಿಗೆ, ಮಾಡಿನಿಂದ ಇಳಿಬಿಟ್ಟ ಸೌಟುಗಳು. ಊರಿನ ಅರ್ಧ ಮಂದಿ ಉಣ್ಣುವುದು ಅವನ ತಾಟಿನಲ್ಲಿ, ಆದರೆ ಅವನ ಮನೆಯಲ್ಲಿ ಉಂಡವರು ಒಬ್ಬರೂ ಇಲ್ಲ. ಯಾರಾದರೂ ಊಟದ ಹೊತ್ತಿಗೆ ಬಂದರೆ ಮಾಮಾ ಬಾಗಿಲಲ್ಲೇ ನಿಂತು "ಉಂಡೇ ಬಂದಿರಿ ಅಲ್ಲ?" ಎಂದು ಕೇಳಿ, ಅವರು ಬಾಯಿ ತೆರೆಯುವ ಮೊದಲೇ "ಛಲೋ ಆತು" ಎನ್ನುತ್ತಿದ್ದ. ಸೋದರಳಿಯ ಎಂದು ಅಂಬರೀಷನಿಗೆ ಊಟವೇನೋ ಸಿಗುತ್ತಿತ್ತು. ಎರಡನೆಯ ರೊಟ್ಟಿಗೆ ಕೈ ಚಾಚಿದರೆ ಮಾಮಾ ದೇಶದ ಪರಿಸ್ಥಿತಿಯ ಬಗ್ಗೆ ಮಾತು ತೆಗೆಯುತ್ತಿದ್ದ. ಹೀಗಾಗಿ ಹುಡುಗ ಮೇಳಕ್ಕೆ ಹೋಗುತ್ತಿದ್ದದ್ದು ಅರೆಹೊಟ್ಟೆಯಲ್ಲಿ. ಮುಂದೆ ಆದದ್ದಕ್ಕೆಲ್ಲ ಮೂಲ ಈ ಅರೆಹೊಟ್ಟೆ ಎಂದು ತಿಳಿದವರು ಹೇಳುತ್ತಾರೆ.

ಮೊದಲ ದಿನ ಒಕ್ಕೂಟದ ಅಧ್ಯಕ್ಷೆ ಕಸ್ತೂರಿಬಾಯಿ ತಾವೇ ಅವನ ಕೈಗೆ ಮೈಕು ಕೊಟ್ಟರು. ಕಸ್ತೂರಿಬಾಯಿ ನಿವೃತ್ತ ಮಾಸ್ತರಣಿ. ಅವರ ಕನ್ನಡಕದ ಮೇಲಿನಿಂದ ಬರುವ ನೋಟಕ್ಕೆ ಈಗಲೂ ಊರಿನ ದೊಡ್ಡ ದೊಡ್ಡ ಗಂಡಸರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ. ಅಂಬರೀಷ ರಾತ್ರಿಯೆಲ್ಲ ಕೂತು ಬಾಯಿಪಾಠ ಮಾಡಿದ್ದನ್ನು ಶುರು ಮಾಡಿದ.

"ಆತ್ಮೀಯ ನಾಗರಿಕ ಬಂಧುಗಳೇ, ಸ್ವಾವಲಂಬನೆಯ ಸಾಕಾರ ರೂಪವಾದ ಈ ಮೇಳಕ್ಕೆ ತಮ್ಮೆಲ್ಲರಿಗೂ ಹಾರ್ದಿಕ..."

ಅಲ್ಲಿಗೆ ನಿಂತಿತು. ಮುಂದಿನ ಪದ ಬರಲಿಲ್ಲ. "ಹಾರ್ದಿಕ" ಎಂದ ಮತ್ತೊಮ್ಮೆ. "ಹಾರ್ದಿಕ, ಹಾರ್ದಿಕ" ಎಂದು ಹುಡುಕುತ್ತ ಹೋದ. ಬಸ್ ಸ್ಟ್ಯಾಂಡಿನವರೆಗೆ ಕಂಬ ಕಂಬಕ್ಕೆ ಕಟ್ಟಿದ್ದ ಮೈಕಿನ ಭೋಂಗಾಗಳಲ್ಲಿ ಆ ಒಂದೇ ಹೆಸರು ಕೂಗಿ ಕೂಗಿ ಕೇಳಿಸಿತು. ಬಂದೋಬಸ್ತಿಗೆ ಬಂದಿದ್ದ ಹವಾಲ್ದಾರ ಮಾರುತಿಯವರು ಯಾರದೋ ಕೂಸು ಕಳೆದಿದೆ ಎಂದು ಸಂಜೆಯವರೆಗೆ ಹಾರ್ದಿಕನನ್ನು ಹುಡುಕಿದರು. ಅದನ್ನು ಬಿಟ್ಟರೆ ಆ ಪ್ರಚಾರದಿಂದ ಮೇಳಕ್ಕೆ ಬಂದವರು ಯಾರೂ ಇಲ್ಲ.

ಎರಡನೆಯ ದಿನ ಬಂದವು ಎರಡು ಎಮ್ಮೆ ಮತ್ತು ಅವನ್ನು ಹೊಡೆಯಲು ಬಂದ ಒಬ್ಬ ಮುದುಕ. ಬಿಸಿಲು ಅಂದರೆ ಬಿಸಿಲು. ಮೈದಾನ ಕುದಿಯುವ ನೀರಿನ ಅಡಿಯಲ್ಲಿದ್ದಂತೆ ನಡುಗುತ್ತಿತ್ತು. ಮಳಿಗೆಗಳ ಬಣ್ಣದ ಬಟ್ಟೆಗಳು ಗಾಳಿಯಿಲ್ಲದೆ ಜೋತುಬಿದ್ದಿದ್ದವು. ಕೊಡಂಬಲದಿಂದ ಬಂದಿದ್ದ ರತ್ನಮಾಲಾ, ಗಂಡ ಮಚ್ಚೇಂದ್ರನ ಜೊತೆ ಸೇರಿ ವಾರಗಟ್ಟಲೆ ಬಡಿದ ಕಡಕ್ ರೊಟ್ಟಿಗಳನ್ನು ಆಳೆತ್ತರ ಪೇರಿಸಿ, ಅದರ ನೆರಳಿನಲ್ಲೇ ಕೂತಿದ್ದಳು. ಕಣ್ಣು ಮುಚ್ಚಿದರೆ ನಿದ್ದೆ, ತೆರೆದರೆ ಜೊಂಪು ಎನ್ನುವಂಥ ಹೊತ್ತು.

ಮೂರನೆಯ ದಿನ ಬೆಳಿಗ್ಗೆ ಕಸ್ತೂರಿಬಾಯಿ ಅಂಬರೀಷನನ್ನು ಕರೆದರು. ಎದುರಿಗೆ ಅವನ ಸರ್ಟಿಫಿಕೇಟು ಇತ್ತು, ಸಹಿಯ ಜಾಗ ಖಾಲಿ ಇತ್ತು.

"ತಮ್ಮಾ, ನೀ ಇಲ್ಲಿಗಿ ಬಂದದ್ದು ಯಾತಕ್ಕ?"

"ಮಂದಿನ ಕರಿಲಿಕ್ಕರಿ."

"ಯಾರು ಬಂದಾರ?"

ಅಂಬರೀಷ ಮೈದಾನದ ಕಡೆ ನೋಡಿದ. ಎಮ್ಮೆಗಳೂ ಇರಲಿಲ್ಲ.

"ನಾ ಸುಳ್ಳ ಸಹಿ ಮಾಡಾಕಿ ಅಲ್ಲ" ಎಂದರು ಕಸ್ತೂರಿಬಾಯಿ. "ಇವತ್ತ ಸಂಜಿತನಕ ನೀ ಕರದಿ ಅಂತ ಮಂದಿ ಬಂದ್ರ ಸಹಿ. ಇಲ್ಲಂದ್ರ ಮುಂದಿನ ವರ್ಷ ಬಾ. ಮೈಕ್ ಮುಟ್ಟಬ್ಯಾಡ. ಮೈಕಿನ ಅಜೀತ ಊಟಕ್ಕ ಹೋದಾಗ ಯಾರರ ಕದ್ದೊಯ್ದಾರು, ಬಾಜೂಕ ಕೂತು ಕಾಯಿ, ಅಷ್ಟೇ ಸಾಕು."

ಮೈಕು ಮುಟ್ಟದೆ ಮಂದಿಯನ್ನು ಹೇಗೆ ಕರೆಯುವುದು ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಒಂದು ವರ್ಷ ಹೋಯಿತು ಎಂದುಕೊಂಡ. ಅವ್ವನಿಗೆ ಏನು ಹೇಳುವುದು, ಅವಳು ಓಣಿಗೆ ಏನು ಹೇಳುವುದು ಎಂದು ಯೋಚಿಸಿದಾಗ ಅವನಿಗೆ ನಿಜವಾಗಿಯೂ ಅಳು ಬಂತು. ಮಧ್ಯಾಹ್ನ ಮೈಕಿನ ಮಾಲೀಕ ಅಜೀತ ಮನೆಗೆ ಉಣ್ಣಲು ಹೋದ. ಆ ಹೊತ್ತಿಗೆ ಕರೆಂಟು ಹೋಗಿತ್ತು. ಎಲ್ಲ ತಾನಾಗಿಯೇ ನಿಂತದ್ದರಿಂದ ಅಜೀತ ಮೈಕಿನ ಗುಂಡಿಯನ್ನೂ ಆರಿಸಿರಲಿಲ್ಲ. ಅಂಬರೀಷ ಮೇಜಿನ ಮೇಲೆ ಕೈ ಮಡಚಿ, ಕೈಯ ಮೇಲೆ ತಲೆಯಿಟ್ಟು, ಮೈಕಿನ ಪಕ್ಕದಲ್ಲಿ ಕಾವಲು ಕೂತ. ಸ್ವಲ್ಪ ಹೊತ್ತಿನಲ್ಲಿ ಕಾವಲುಗಾರನಿಗೆ ಗಾಢ ನಿದ್ದೆ ಬಂತು, ಆಮೇಲೆ ಕರೆಂಟೂ ಬಂತು.

ಕನಸಿನಲ್ಲಿ ಶ್ರೀಮಂತ ಮಾಮಾ ಊರಿಗೆಲ್ಲ ಊಟ ಹಾಕಿಸುತ್ತಿದ್ದ. ಅದು ಕನಸು ಎನ್ನುವುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಅಂಗಳದ ತುಂಬ ಪಂಕ್ತಿ, ಕೊಪ್ಪರಿಗೆಯಲ್ಲಿ ಗೋಧಿ ಹುಗ್ಗಿ, ಅದರ ಮೇಲೆ ತುಪ್ಪದ ಧಾರೆ, ಬೆಳ್ಳನೆಯ ಹಗಲಿನಲ್ಲಿ ಎಲ್ಲರ ಮುಖವೂ ನಗುತ್ತಿತ್ತು. ಅಂಬರೀಷ ನಡುವೆ ನಿಂತಿದ್ದ. ಅವನ ಬಾಯಿ ಕಟ್ಟಿರಲಿಲ್ಲ. ರಾಜೇಶ್ವರದ ತನ್ನ ಮನೆಯ ಮಾತಿನಲ್ಲಿ, ಅವ್ವ ಕರೆಯುವ ಹಾಗೆಯೇ ಅವನು ಕರೆಯುತ್ತಿದ್ದ.

"ಬರ್ರೆಪ್ಪಾ, ಬರ್ರಿ. ಎಲ್ಲಾರೂ ಊಟಕ್ಕ ಬರ್ರಿ. ಭಾಂಡೆ ಅಂಗಡಿ ಶ್ರೀಮಂತ ಮಾಮಾಂದು ಇವತ್ತ ದಾಸೋಹ ಅದ. ಹುಗ್ಗಿ ಅದ, ರೊಟ್ಟಿ ಅದ. ಯಾರೂ ಬಿಸಿಲಾಗ ನಿಂದ್ರಬ್ಯಾಡ್ರಿ. ಆಯಿ, ನೀನೂ ಬಾ. ಹಸದು ಯಾರೂ ಹೋಗಬ್ಯಾಡ್ರಿ."

ಹುಮನಾಬಾದು ಊಟ ಮುಗಿಸಿ ಅಡ್ಡಾಗುವ ಹೊತ್ತು ಅದು. ಭೋಂಗಾಗಳಿಂದ ಇಳಿದುಬಂದ ಆ ದನಿಯಲ್ಲಿ ನಿದ್ದೆಯ ಜೇನು ಬೆರೆತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕಡಲೆ ಮಾರುವ ಬಿಸ್ಮಿಲ್ಲಾ ಬೀ ಬುಟ್ಟಿಯಿಂದ ತಲೆಯೆತ್ತಿ, "ಯಾರ ಮಗನಪ್ಪಾ ಇಂವ, ಇಷ್ಟ ಪ್ರೀತಿಲೆ ಕರಿಯಾಕತ್ತಾನ" ಎಂದಳು. ಬಸವಕಲ್ಯಾಣಕ್ಕೆ ಹೊರಟಿದ್ದ ಬಸ್ಸಿನಿಂದ ಮಂದಿ ಇಳಿದರು. ಡ್ರೈವರು ಮೊದಲು ಇಳಿದಿದ್ದ. ಭೋಂಗಾ ಮೇಳದ್ದಾದ್ದರಿಂದ ಊಟವೂ ಮೇಳದ ಮೈದಾನದಲ್ಲೇ ಎಂದು ಎಲ್ಲರೂ ತಿಳಿದರು.

ಬೇರೆ ಸೀಮೆಯವರಾಗಿದ್ದರೆ ನಿಜವೋ ಸುಳ್ಳೋ ಎಂದು ಒಂದು ಸಲ ವಿಚಾರಿಸುತ್ತಿದ್ದರೇನೋ. ಈ ಸೀಮೆಯ ರಿವಾಜು ಬೇರೆ. ಇಲ್ಲಿ ದಾಸೋಹ ಎಂದು ಒಮ್ಮೆ ಕೂಗಿದರೆ ಅದನ್ನು ತಿರುಗಿ ತೆಗೆದುಕೊಳ್ಳುವ ಹಾಗಿಲ್ಲ, ಕರೆದ ಊಟಕ್ಕೆ ಹೋಗದಿರುವ ಹಾಗೂ ಇಲ್ಲ. ಹೋಗುವ ಹೆಂಗಸರು ಬರಿಗೈಯಲ್ಲಿ ಹೋಗುವ ಹಾಗಂತೂ ಇಲ್ಲವೇ ಇಲ್ಲ. ದೊಡ್ಡ ದಾಸೋಹ ಅಂದಮೇಲೆ ಮನೆಗೆ ಇಷ್ಟೆಂದು ರೊಟ್ಟಿ ಕಟ್ಟಿಕೊಂಡು ಹೋಗಿ ರಾಶಿಗೆ ಹಾಕಬೇಕು. ಹೀಗಾಗಿ ಹುಮನಾಬಾದಿನ ಓಣಿಗಳಲ್ಲಿ ಮಧ್ಯಾಹ್ನದ ನಿದ್ದೆ ಕೊಡವಿಕೊಂಡು ಹೆಂಗಸರು ರೊಟ್ಟಿಯ ಡಬ್ಬಿಗೆ ಕೈಹಾಕಿದರು. ಮೈದಾನದ ಪಕ್ಕದ ಫಂಕ್ಷನ್ ಹಾಲಿನಲ್ಲಿ ಮದುವೆಯೊಂದು ಮುಗಿದಿತ್ತು. ಬೀಗರು ಅರ್ಧಕ್ಕೆ ಅರ್ಧ ಬಂದಿರದೆ ಕೊಪ್ಪರಿಗೆ ಹುಗ್ಗಿ ಉಳಿದು ವಧುವಿನ ತಂದೆ ತಲೆಮೇಲೆ ಕೈಹೊತ್ತು ಕೂತಿದ್ದ. ಕರೆ ಕೇಳಿದ್ದೇ ತಡ, ದೇವರೇ ದಾರಿ ತೋರಿಸಿದನೆಂದು ಕೊಪ್ಪರಿಗೆಯನ್ನು ನಾಲ್ಕು ಮಂದಿಯ ಹೆಗಲಿಗೇರಿಸಿ ಕಳಿಸಿದ.

ರತ್ನಮಾಲಾ ಗಂಡನ ಮುಖ ನೋಡಿದಳು. "ಕಸ್ತೂರಿಬಾಯಿ ಅಕ್ಕಾವ್ರು ನಮಗೊಂದ ಮಾತ ಹೇಳದ ಆ ಮಾಮಾಂದು ದಾಸೋಹ ಇಲ್ಲೇ ಇಟ್ಟಾರ ನೋಡ್ರಿ."

"ಇಟ್ಟಾರಂದ್ರ ಇಟ್ಟಾರ" ಎಂದ ಮಚ್ಚೇಂದ್ರ. "ಮಂದಿ ಬರಾಕತ್ತದ. ರೊಟ್ಟಿ ಇಟ್ಕೊಂಡು ಕೂತು ಇಲ್ಲ ಅನ್ನಾಕ ಆಗ್ತದೇನು? ಇಳಸು."

ಆಳೆತ್ತರದ ರೊಟ್ಟಿಯ ಗೋಪುರ ಕೆಳಗಿಳಿಯಿತು. ಅದನ್ನು ನೋಡಿ ಹಿಂಡಿಯ ಮಳಿಗೆಯವರು ಡಬ್ಬಿ ತೆರೆದರು, ಉಪ್ಪಿನಕಾಯಿಯವರು ಭರಣಿ ತೆರೆದರು.

ಇತ್ತ ಊಟದಿಂದ ಮರಳಿದ ಅಜೀತ ಮಂದಿಯನ್ನು ನೋಡಿ, ತಾಟಿಲ್ಲದೆ ಹೇಗೆಂದು ಟೆಂಪೋ ತೆಗೆದುಕೊಂಡು ನೇರ ಭಾಂಡೆ ಅಂಗಡಿಗೆ ಹೋದ. ಶ್ರೀಮಂತ ಮಾಮಾ ಗಲ್ಲಾಪೆಟ್ಟಿಗೆಯ ಮೇಲೆ ಒರಗಿ ಗೊರಕೆ ಹೊಡೆಯುತ್ತಿದ್ದ. ಕಣ್ಣು ಬಿಟ್ಟಾಗ ಅಂಗಡಿಯ ಗೋಡೆ ಖಾಲಿ ಆಗುತ್ತಿತ್ತು.

"ಏ, ಏ, ಎಲ್ಲಿಗಿ ಒಯ್ಯಾಕತ್ತೀರಿ?"

"ದಾಸೋಹಕ್ಕರಿ, ಮಾಲಕ್ರೆ."

"ಯಾರ ದಾಸೋಹ?"

"ನಿಮ್ದೇರಿ" ಎಂದ ಅಜೀತ, ಎರಡು ಕೈಯಲ್ಲೂ ತಾಟಿನ ಕಟ್ಟು ಹಿಡಿದು. "ಏನ್ ದೊಡ್ಡ ಮನಸ್ಸು ಮಾಡೀರಿ. ಊರು ಊರೇ ಬಂದದ."

ಮಾಮಾ ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಅಂಗಡಿಯವರು ಬಂದು ಅಪ್ಪಿಕೊಂಡರು. ಎದುರಿನ ಬಟ್ಟೆ ಅಂಗಡಿಯವನು ಓಡಿಬಂದು ಶಾಲು ಹೊದಿಸಿ, ತಲೆಗೆ ಗುಲಾಬಿ ರುಮಾಲು ಸುತ್ತಿದ. "ಇಷ್ಟ ವರ್ಷ ನಿನ್ನ ಬಗ್ಗೆ ಏನೇನೋ ಅಂದೀನಿ, ಮಾಫ್ ಮಾಡು" ಎಂದವನ ಕಣ್ಣಲ್ಲಿ ನೀರೇ ಬಂತು. ಹೀಗೆ ಕಣ್ಣೀರಿಟ್ಟು ರುಮಾಲು ಸುತ್ತಿದವನ ಎದುರಿಗೆ, ಇದು ನನ್ನ ದಾಸೋಹ ಅಲ್ಲ ಎಂದು ಯಾವ ಬಾಯಿಂದ ಹೇಳುವುದು? ಟೆಂಪೋದಲ್ಲಿ ತಾಟುಗಳ ಮೇಲೆಯೇ ಕೂತು ಮಾಮಾ ಮೈದಾನಕ್ಕೆ ಹೊರಟ, ತಾಟು ಎಣಿಸುವುದಕ್ಕಾದರೂ ಇರಲಿ ಎಂದು.

ಅಂಬರೀಷನಿಗೆ ಎಚ್ಚರವಾದದ್ದು ಗದ್ದಲಕ್ಕೆ. ಕಣ್ಣು ತೆರೆದರೆ ಎದುರಿಗೆ ಪಂಕ್ತಿ. ಹುಗ್ಗಿಯ ಕೊಪ್ಪರಿಗೆ. ಅದರ ಮುಂದೆ ಶಾಲು, ಗುಲಾಬಿ ರುಮಾಲು ಹಾಕಿಕೊಂಡ ಶ್ರೀಮಂತ ಮಾಮಾ. ಸದ್ಯ, ಎಚ್ಚರ ಆಗಿಲ್ಲ, ಕನಸು ಇನ್ನೂ ನಡೆದಿದೆ ಎಂದುಕೊಂಡ. ನ್ಯಾಯವಾಗಿ ನೋಡಿದರೆ ಹಾಗೆ ಅಂದುಕೊಳ್ಳದೆ ಬೇರೆ ದಾರಿಯೂ ಇರಲಿಲ್ಲ. ಬಿಸಿಲು ಮೊದಲಿನ ಹಾಗೆಯೇ ನಡುಗುತ್ತಿತ್ತು, ಮಂದಿ ಅದರೊಳಗಿಂದ ತೇಲಿಬಂದಂತೆ ಬರುತ್ತಿದ್ದರು, ಎಲ್ಲರೂ ಅವನನ್ನು ನೋಡಿ ನಗುತ್ತಿದ್ದರು. ಎಲ್ಲಿಂದಲೋ ಅವ್ವ ಕೂಡ ತಲೆಯ ಮೇಲೆ ರೊಟ್ಟಿಯ ಗಂಟು ಹೊತ್ತು ಬರುತ್ತಿದ್ದಳು. ಬಸ್ಸಿನಲ್ಲಿದ್ದ ರಾಜೇಶ್ವರದವರು ಫೋನು ಮಾಡಿ ಸುದ್ದಿ ಮುಟ್ಟಿಸಿದ್ದರು ಎಂಬುದು ಅವನಿಗೆ ಹೇಗೆ ಗೊತ್ತಾಗಬೇಕು? ಕನಸಿನಲ್ಲಿ ಅವ್ವ ಬರುವುದು ಹೊಸದೇನಲ್ಲ.

ಕನಸಿನಲ್ಲಿ ಯಾರ ಹೆದರಿಕೆ? ಅಂಬರೀಷ ಎದ್ದು ತೋಳು ಮಡಚಿದ. ಸೌಟು ಹಿಡಿದ. ಪಂಕ್ತಿಯ ನಡುವೆ ಓಡಾಡಿ ಮಾತಾಡಿಸಿದ, ಬಡಿಸಿದ, ಹಾಸ್ಯ ಮಾಡಿದ. ಹವಾಲ್ದಾರ ಮಾರುತಿಯವರು ಲಾಠಿ ತಿರುಗಿಸುತ್ತ ಬಂದರು.

"ಇಷ್ಟ ಮಂದಿಗಿ ಊಟ ಹಾಕಾಕತ್ತೀರಿ, ಪರ್ಮಿಶನ್ ಎಲ್ಲದ?"

ಎಚ್ಚರವಿದ್ದ ಅಂಬರೀಷನಾಗಿದ್ದರೆ ಅಲ್ಲೇ ಕುಸಿಯುತ್ತಿದ್ದ. ಈಗ ಅವರ ಲಾಠಿಯನ್ನು ಮೆಲ್ಲಗೆ ಇಸಿದುಕೊಂಡು ಕೈಗೆ ರೊಟ್ಟಿಯ ಬುಟ್ಟಿ ಕೊಟ್ಟ.

"ಸಾಹೇಬ್ರೆ, ಕೊನಿ ಸಾಲಿಗಿ ರೊಟ್ಟಿ ಮುಟ್ಟಿಲ್ಲ. ಜರಾ ಹಂಗೇ ಬಡಸ್ಕೋತ ಹೋಗ್ರಿ. ಪರ್ಮಿಶನ್ ನಾವು ನೀವು ಕೂತು ಉಣ್ಣಾಗ ಮಾತಾಡೂಣು."

ಹವಾಲ್ದಾರರಿಗೆ ಇಷ್ಟು ವರ್ಷದ ನೌಕರಿಯಲ್ಲಿ ಹೀಗೆ ಹೇಳಿದವರು ಯಾರೂ ಇರಲಿಲ್ಲ. ಇವನ ಹಿಂದೆ ದೊಡ್ಡವರು ಯಾರೋ ಇರಬೇಕು ಎಂದುಕೊಂಡು ಕೊನೆಯ ಸಾಲಿಗೆ ನಡೆದರು. ಬಡಿಸುತ್ತ ಬಡಿಸುತ್ತ ಅವರಿಗೂ ಅದು ಹಿಡಿಸಿತು.

ಮಾಮಾ ಪಂಕ್ತಿಯ ಉದ್ದಕ್ಕೂ ಬಗ್ಗಿ ಬಗ್ಗಿ ಒಬ್ಬೊಬ್ಬರ ತಾಟನ್ನೂ ನೋಡುತ್ತ ನಡೆಯುತ್ತಿದ್ದ. ಬೆಲೆಯ ಚೀಟಿ ಇನ್ನೂ ಅಂಟಿಕೊಂಡೇ ಇದ್ದ ತನ್ನ ಹೊಸ ತಾಟುಗಳು. ಯಾರೂ ಅವನ್ನು ಮಣ್ಣಿಗೆ ಉಜ್ಜಬಾರದು, ಯಾರೂ ಚೀಲಕ್ಕೆ ಇಳಿಸಬಾರದು ಎಂಬುದಷ್ಟೇ ಅವನ ಚಿಂತೆ.

"ನೋಡ್ರಿ ನೋಡ್ರಿ, ಯಾರ ತಾಟು ಖಾಲಿ ಅದ ಅಂತ ನೋಡಾಕತ್ತಾರ" ಎಂದಳು ಬಿಸ್ಮಿಲ್ಲಾ ಬೀ. "ಎಷ್ಟ ಕಾಳಜಿ. ಏ, ಮಾಲಕ್ರು ನೋಡಾಕತ್ತಾರ, ಇಲ್ಲಿ ಹುಗ್ಗಿ ಹಾಕ್ರೆಪ್ಪಾ."

ಮಾಮಾ ತಾಟು ನೋಡಿದಲ್ಲೆಲ್ಲ ಹುಗ್ಗಿ ಬಿತ್ತು. ಹೆಚ್ಚು ನೋಡಿದಷ್ಟು ಹೆಚ್ಚು ಬಿತ್ತು. ಯಶೋದಾಬಾಯಿ ಅಣ್ಣನ ಎದುರಿಗೆ ನಿಂತು, ಸೆರಗಿನಿಂದ ಕಣ್ಣೊರೆಸಿಕೊಂಡು, "ಅಪ್ಪ ಇರಬೇಕಾಗಿತ್ತು, ಅಣ್ಣಾ" ಎಂದಳು. ಮಾಮಾ ಅವಳ ಹಿಂದಿನ ಸಾಲಿನ ತಾಟು ಎಣಿಸತೊಡಗಿದ.

ಉಂಡವರು ಹಾಗೇ ಏಳಲಿಲ್ಲ. ಉಂಡ ಮನೆಯಿಂದ ಬರಿಗೈಯಲ್ಲಿ ಹೇಗೆ ಹೋಗುವುದೆಂದು ದುಡ್ಡು ಹಿಡಿದು ಮಳಿಗೆಗಳಿಗೆ ನುಗ್ಗಿದರು. ಕೌದಿ ಹೋದವು, ಬುಟ್ಟಿ ಹೋದವು, ಉಪ್ಪಿನಕಾಯಿ ಭರಣಿಯ ಸಮೇತ ಹೋಯಿತು. ರತ್ನಮಾಲಾಳ ರೊಟ್ಟಿ ಉಂಡವರು ಮನೆಗೂ ಬೇಕೆಂದು ಹಟ ಹಿಡಿದರು. ಇಲ್ಲ ಎಂದರೆ ಮುಂದಿನ ವಾರಕ್ಕೆ ಕೊಡಂಬಲಕ್ಕೇ ಬರುತ್ತೇವೆಂದು ಮಚ್ಚೇಂದ್ರನ ಫೋನು ನಂಬರು ತೆಗೆದುಕೊಂಡರು. ಅವಳು ಒಂದು ಸಲ ಆಕಾಶ ನೋಡಿ, ಒಂದು ಸಲ ಖಾಲಿ ಬುಟ್ಟಿ ನೋಡಿ ಸುಮ್ಮನೆ ನಗುತ್ತ ಕೂತಳು.

ಎಲ್ಲ ಸರಿಯಾಗಿಯೇ ನಡೆದಿತ್ತು, ಕಸ್ತೂರಿಬಾಯಿ ಅಂಬರೀಷನ ಕಿವಿ ಹಿಡಿಯುವವರೆಗೆ. ಮಾಸ್ತರಣಿಯ ಕೈ. ನೋವು ನೆತ್ತಿಗೇರಿತು. ಕನಸಿನಲ್ಲಿ ಇಷ್ಟು ನೋಯುವುದಿಲ್ಲವಲ್ಲ ಎಂದು ಅಂಬರೀಷ ನಿಂತಲ್ಲೇ ನಿಂತ. ಕೈಯಲ್ಲಿದ್ದ ಸೌಟು ನೋಡಿದ. ಹವಾಲ್ದಾರರ ಲಾಠಿ ತನ್ನ ಕಂಕುಳಲ್ಲಿ ಇರುವುದನ್ನು ನೋಡಿದ.

"ಅಕ್ಕಾವ್ರೆ, ಇದು ಖರೇನೇ ನಡದದೇನ್ರಿ?"

"ಮತ್ತೇನು? ಮೈಕ್ ಮುಟ್ಟಬ್ಯಾಡ ಅಂದಿದ್ದೆ ನಿನಗ."

"ಮುಟ್ಟಿಲ್ರಿ. ಬಾಜೂಕ ಮಲ್ಕೊಂಡಿದ್ದೆ."

"ಮಲ್ಕೊಂಡು?"

"ಕನಸಿನಾಗ ಕರದೀನ್ರಿ."

ಕಸ್ತೂರಿಬಾಯಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಯೋಚನೆಗೆ ಬಿದ್ದಾಗ ಅವರು ಹಾಗೆ ಮಾಡುತ್ತಿದ್ದರು. ಅಷ್ಟರಲ್ಲಿ ಯಶೋದಾಬಾಯಿ ಬಂದು, ಅಕ್ಕಾವ್ರೆ ನನ್ನ ಮಗನ ಕಾಗದಕ್ಕೆ ಈಗ ಸಹಿ ಮಾಡಿ, ನಾನೇ ಜೋಪಾನ ಒಯ್ಯುತ್ತೇನೆ ಎಂದು ಕೈಮುಗಿದಳು. ಕಸ್ತೂರಿಬಾಯಿ ಪರ್ಸಿನಿಂದ ಸರ್ಟಿಫಿಕೇಟು ತೆಗೆದರು, ಪೆನ್ನೂ ತೆಗೆದರು, ಆದರೆ ಮುಚ್ಚಳ ತೆಗೆಯಲಿಲ್ಲ.

"ಮಂದಿ ಬಂದಾರ, ಖರೆ. ಆದ್ರ ಯಾರು ಕರದ್ರು?" ಎಂದರು. "ನಿದ್ದಿಯೊಳಗ ಆಡಿದ ಮಾತಿಗಿ ನಾ ಹ್ಯಾಂಗ ಸಹಿ ಮಾಡ್ಲಿ? ನಿನ್ನ ಕೆಲಸ ಅಂದ್ರ ನೀ ಎದ್ದು ನಿಂತು ಮಾಡಬೇಕು. ಹೋಗು, ಮೈಕ್ ಹಿಡಿ. ಇಷ್ಟ ಮಂದಿಗಿ ನಾಕು ಮಾತು ಹೇಳು. ಎಚ್ಚರ ಇದ್ದು ಹೇಳು."

ತಾಯಿ ಮಗನ ಮುಖ ನೋಡಿದಳು. ಮಗ ಮೈಕಿನ ಮುಖ ನೋಡಿದ.

ಸಂಜೆಯಾಗುತ್ತ ಬಂದಿತ್ತು. ಕೊಪ್ಪರಿಗೆಯನ್ನು ತೊಳೆದು ಬೋರಲು ಹಾಕಿದ್ದರು. ದಾಸೋಹ ಮಾಡಿಸಿದವನು ಎಲ್ಲರದೂ ಆದಮೇಲೆ ಉಣ್ಣಬೇಕು ಎಂಬ ರಿವಾಜಿಗೆ ಸಿಕ್ಕಿ ಶ್ರೀಮಂತ ಮಾಮಾ ಅಷ್ಟು ಹೊತ್ತೂ ಹಸಿದೇ ಇದ್ದ. ಕೊನೆಗೆ, ತೊಳೆಯುವ ಮೊದಲೇ ತಳ ಕೆರೆದು ಎತ್ತಿಟ್ಟಿದ್ದ ಒಂದು ತಾಟನ್ನು ರತ್ನಮಾಲಾ ತಂದು ಅವನ ಮುಂದಿಟ್ಟಳು. ಎರಡು ರೊಟ್ಟಿ, ಒಂದಿಷ್ಟು ಹುಗ್ಗಿ. ಅದೇ ಕೊನೆಯ ತಾಟೆಂದು ಮೈದಾನಕ್ಕೆಲ್ಲ ಗೊತ್ತಿತ್ತು. ಅಂಗಡಿ ಖಾಲಿ ಮಾಡಿಸಿಕೊಂಡವನ ಪಾಲಿಗೆ ಬಂದದ್ದು ಅಷ್ಟೇ, ಅದನ್ನಾದರೂ ನೆಮ್ಮದಿಯಿಂದ ಉಣ್ಣಬೇಕೆಂದು ಮಾಮಾ ರುಮಾಲು ಬಿಚ್ಚಿ ಪಕ್ಕಕ್ಕಿಟ್ಟು, ಚಕ್ಕಳಮಕ್ಕಳ ಹಾಕಿ ಕೂತ.

ಅಂಬರೀಷ ಮೈಕು ಹಿಡಿದ. ಭೋಂಗಾಗಳಲ್ಲಿ ಅವನ ಉಸಿರು ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿತು.

"ಆತ್ಮೀಯ ನಾಗರಿಕ ಬಂಧುಗಳೇ..."

ಮಂದಿ ತಿರುಗಿ ನೋಡಿದರು. ಅವನಿಗೆ ಮುಂದಿನ ಪದ ಬರಲಿಲ್ಲ. ಯಶೋದಾಬಾಯಿ ಕಣ್ಣು ಮುಚ್ಚಿಕೊಂಡಳು. ಹವಾಲ್ದಾರರು ಯಾವ ಕೂಸು ಕಳೆಯಿತೋ ಎಂದು ಎದ್ದು ನಿಂತರು. ಎಲ್ಲರ ಕಣ್ಣು ತಪ್ಪಿಸಲು ಅಂಬರೀಷ ದೂರ ಗೇಟಿನ ಕಡೆ ನೋಡಿದ. ಅಲ್ಲಿ ಒಬ್ಬಳು ಮುದುಕಿ ನಿಂತಿದ್ದಳು. ಎಲ್ಲೋ ಹೊಲದಿಂದ ನೆಟ್ಟಗೆ ನಡೆದು ಬಂದಿದ್ದಳು, ಕಾಲಿನ ತುಂಬ ಕೆಂಪು ಧೂಳು, ಸೊಂಟದಲ್ಲಿ ಸಿಕ್ಕಿಸಿದ ಕುಡುಗೋಲು. ಬೋರಲು ಹಾಕಿದ ಕೊಪ್ಪರಿಗೆ ನೋಡಿ, ತಡವಾಯಿತು ಎಂದುಕೊಂಡು, ಯಾರಿಗೂ ಕಾಣದಂತೆ ಮೆಲ್ಲಗೆ ಹಿಂದಕ್ಕೆ ತಿರುಗುತ್ತಿದ್ದಳು.

ಅರೆಹೊಟ್ಟೆ ಅಂದರೆ ಏನೆಂದು ಅವನಿಗೆ ಗೊತ್ತಿತ್ತು. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

"ಆಯಿ, ಹಿಂದಕ ಯಾಕ ಹೊಂಟಿ? ನಿನ್ನೇ ಕರಿಯಾಕತ್ತೀನಿ, ಒಳಗ ಬಾ. ಊಟ ಅದ. ಉಂಡು ಹೋಗು."

ಒಂದೂ ತಡವರಿಕೆಯಿಲ್ಲ. ಮಧ್ಯಾಹ್ನ ಕೇಳಿದ ಅದೇ ದನಿ ಎಂದು ಮಂದಿಗೆಲ್ಲ ಗುರುತು ಸಿಕ್ಕಿತು. ಮುದುಕಿ ಗೇಟಿನಲ್ಲೇ ನಿಂತು, ನನ್ನನ್ನೇ ಕರೆದದ್ದೇ ಎಂದು ಎದೆಯ ಮೇಲೆ ಬೆರಳಿಟ್ಟು ಕೇಳಿದಳು. ನಿನ್ನನ್ನೇ ಎಂದು ಅಂಬರೀಷ ಕೈ ಮಾಡಿದ. ಅವಳು ಒಳಗೆ ಬಂದಳು.

ಇದ್ದದ್ದು ಒಂದೇ ತಾಟು. ಮಾಮಾ ರೊಟ್ಟಿ ಮುರಿದು, ತುತ್ತು ಮಾಡಿ, ಅದನ್ನು ಬಾಯಿಯ ಹತ್ತಿರ ತಂದಿದ್ದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಮಾಮಾ ತುತ್ತನ್ನು ನೋಡಿದ, ಮುದುಕಿಯನ್ನು ನೋಡಿದ. ಆಮೇಲೆ ತುತ್ತನ್ನು ತಾಟಿಗಿಟ್ಟು, ತಾಟನ್ನು ಎರಡೂ ಕೈಯಿಂದ ಮುಂದಕ್ಕೆ ಸರಿಸಿದ.

"ಕೂಡು, ಯಕ್ಕಾ" ಎಂದ. "ನನ್ನ ಹೆಸರಿಲೆ ಕರದಾರ. ಉಣ್ಣು."

ಮುದುಕಿ ಕುಡುಗೋಲು ಬದಿಗಿಟ್ಟು ಕೂತಳು. ಮಾಮಾ ನೀರು ತರಲು ತಾನೇ ಎದ್ದು ಹೋದ.

ಕಸ್ತೂರಿಬಾಯಿ ಮೈಕಿನ ಹತ್ತಿರ ಬಂದರು.

"ಊಟ ಮುಗದದ ಅಂತ ಗೊತ್ತಿತ್ತಿಲ್ಲ ನಿನಗ?"

"ಗೊತ್ತಿತ್ರಿ."

"ಗೊತ್ತಿದ್ದೂ ಕರದಿ?"

"ಕರದೀನ್ರಿ. ಎಚ್ಚರ ಇದ್ದೇ ಕರದೀನ್ರಿ."

ಕಸ್ತೂರಿಬಾಯಿ ಸರ್ಟಿಫಿಕೇಟನ್ನು ಅಂಬರೀಷನ ಬೆನ್ನ ಮೇಲೆಯೇ ಇಟ್ಟು ಸಹಿ ಮಾಡಿದರು.